ಜಮೀಲಾ ಮೇಲೆ ಬಿದ್ದ ಹನಿ

ಜಪಾನಿನ ಅಲ್ಟ್ರಾಮ್ಯಾನ್ ಧಾರಾವಾಹಿಯ 23ನೇ ಕಂತನ್ನು ನಾನು ಮೊದಲ ಸಲ ನೋಡಿದ್ದು ಕಥೆಗಾಗಿ. ಎರಡನೇ ಸಲ ನೋಡಿದ್ದು ನೀರಿನ ಹನಿಗಾಗಿ.

ಕಥೆ ಮೊದಲು ಹೇಳಿಬಿಡುತ್ತೇನೆ. 1966ರ ಡಿಸೆಂಬರ್ 18ರಂದು ಪ್ರಸಾರವಾದ ಕಂತು ಇದು. ಹೆಸರನ್ನು ನಮ್ಮ ಮಾತಲ್ಲಿ ಹೇಳಿದರೆ ‘ಹುಟ್ಟೂರು ಭೂಮಿ’. ನಿರ್ದೇಶಕ ಆಕಿಯೊ ಜಿಸ್ಸೊಜಿ. ಟೋಕಿಯೊದಲ್ಲಿ ದೊಡ್ಡ ಶಾಂತಿ ಸಮ್ಮೇಳನ ನಡೆಯಬೇಕಿದೆ. ಅದಕ್ಕೆ ಬರುವವರನ್ನು ಕಣ್ಣಿಗೆ ಕಾಣದ ಏನೋ ಒಂದು ದಾರಿಯಲ್ಲೇ ಮುಗಿಸುತ್ತಿದೆ. ಆ ಕಾಣದ ರಾಕೆಟ್ಟನ್ನು ಹೇಗೋ ಕಾಣುವಂತೆ ಮಾಡಿ ಕೆಡವಿದರೆ, ಹೊರಗೆ ಬರುವುದು ಜಮೀಲಾ ಎಂಬ ದೈತ್ಯ. ಅಸಲಿಗೆ ಅವನೊಬ್ಬ ಮನುಷ್ಯ. ಬಾಹ್ಯಾಕಾಶ ಪೈಪೋಟಿಯ ಕಾಲದಲ್ಲಿ ಕಳೆದುಹೋಗಿ, ನೀರೇ ಇಲ್ಲದ ಗ್ರಹದಲ್ಲಿ ಸಿಕ್ಕಿಬಿದ್ದ ಗಗನಯಾತ್ರಿ. ಅವನ ದೇಶ ವಿಷಯವನ್ನೇ ಮುಚ್ಚಿಹಾಕಿತು. ಅಲ್ಲಿನ ಒಣ ನೆಲಕ್ಕೆ ಮೈ ಒಗ್ಗಿ ಒಗ್ಗಿ ಹೀಗಾಗಿದ್ದಾನೆ. ಈಗ ಸೇಡಿಗೆ ಬಂದಿದ್ದಾನೆ.

ಜಮೀಲಾನ ಚರ್ಮ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಕುತ್ತಿಗೆಯೇ ಇಲ್ಲ, ತಲೆ ಹೆಗಲೊಳಗೆ ಹೂತುಹೋಗಿದೆ. ಈ ರೂಪ ಕೊಟ್ಟವರು ತೋರು ನರಿತಾ. ಜಪಾನಿನ ಮಕ್ಕಳು ಅಂಗಿಯ ಕುತ್ತಿಗೆಪಟ್ಟಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡು, ಮುಖ ಮಾತ್ರ ಹೊರಗೆ ಬಿಟ್ಟು ‘ಜಮೀಲಾ’ ಆಟ ಆಡುತ್ತಿದ್ದರು. ನೀವೂ ಒಮ್ಮೆ ಮಾಡಿ ನೋಡಿ, ಯಾರೂ ಇಲ್ಲದಾಗ.

ನೀರಿಲ್ಲದೆ ಮೈ ಬದಲಾಯಿಸಿಕೊಂಡು ಬದುಕುವುದೆಲ್ಲ ವಿಜ್ಞಾನ ಅಲ್ಲ ಬಿಡಿ. ನಮ್ಮ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರೇ. ಹಾಗೆ ಲೆಕ್ಕ ಹಿಡಿದು ಕೂತರೆ ನಾಯಕನ ಕಥೆಯೂ ಅಷ್ಟೇ. ಅಲ್ಟ್ರಾಮ್ಯಾನ್ 40 ಮೀಟರ್ ಎತ್ತರ, 35,000 ಟನ್ ತೂಕ ಅಂತಾರೆ. 1.7 ಮೀಟರಿನ, 70 ಕಿಲೋದ ಮನುಷ್ಯನನ್ನು 40 ಮೀಟರಿಗೆ ಎಳೆದರೆ ತೂಕ 900 ಟನ್ ಚಿಲ್ಲರೆ ಆಗಬೇಕು. ಅಂದರೆ ಈ ಮಹಾನುಭಾವನ ಮೈ ನೀರಿಗಿಂತ 38 ಪಟ್ಟು ದಟ್ಟ. ಎಲ್ಲಕ್ಕಿಂತ ದಟ್ಟವಾದ ಲೋಹ ಆಸ್ಮಿಯಂ ಕೂಡ 22.6 ಪಟ್ಟಿಗೆ ನಿಲ್ಲುತ್ತದೆ. ಇಂಥ ತಪ್ಪು ಹುಡುಕುವುದು ಮಜಾ, ಆದರೆ ಐದು ನಿಮಿಷಕ್ಕೆ ಬೇಜಾರು ಬರುತ್ತದೆ.

ನನಗೆ ಜಾಸ್ತಿ ಕುತೂಹಲ ಇರುವುದು ಕ್ಯಾಮೆರಾ ಮುಂದೆ ನಡೆದದ್ದರ ಬಗ್ಗೆ. ಈ ಧಾರಾವಾಹಿಯ ಹಿಂದಿದ್ದವರು ಎಯ್ಜಿ ತ್ಸುಬುರಾಯಾ. 1954ರಲ್ಲಿ ಗಾಡ್ಜಿಲ್ಲಾನನ್ನು ತೆರೆಯ ಮೇಲೆ ನಡೆಸಿದ್ದೂ ಇವರೇ. ರಬ್ಬರ್ ವೇಷ ಹಾಕಿದ ಒಬ್ಬ ನಟ, ಮೊಣಕಾಲೆತ್ತರದ ಕಟ್ಟಡಗಳು, ಇಷ್ಟರಲ್ಲೇ 50 ಮೀಟರಿನ ದೈತ್ಯನನ್ನು ನಂಬಿಸಬೇಕು. ಅದಕ್ಕೆ ಅವರು ಮೋಸ ಮಾಡುತ್ತಿದ್ದದ್ದು ಗಾತ್ರದಲ್ಲಿ ಅಷ್ಟೇ ಅಲ್ಲ, ಕಾಲದಲ್ಲೂ.

ವೇಷ 2 ಮೀಟರ್ ಎತ್ತರ ಇದೆ ಅಂದುಕೊಳ್ಳಿ. 50 ಮೀಟರಿನ ದೈತ್ಯನಿಗೆ ಅದು 25ರಲ್ಲಿ ಒಂದು ಪಾಲು. ನಿಜವಾಗಿ 50 ಮೀಟರ್ ಮೇಲಿಂದ ಒಂದು ಇಟ್ಟಿಗೆ ಬಿದ್ದರೆ ನೆಲ ಮುಟ್ಟಲು 3.2 ಸೆಕೆಂಡ್ ಬೇಕು. 2 ಮೀಟರಿಂದ ಬಿದ್ದರೆ 0.64 ಸೆಕೆಂಡ್ ಸಾಕು. ಎತ್ತರ 25 ಪಟ್ಟು ಆದರೆ ಬೀಳುವ ಹೊತ್ತು 25ರ ವರ್ಗಮೂಲದಷ್ಟು, ಅಂದರೆ 5 ಪಟ್ಟು ಆಗುತ್ತದೆ. ಮಾದರಿ ಕಟ್ಟಡ ಧಡಕ್ಕನೆ ಬಿದ್ದರೆ ನಮ್ಮ ಕಣ್ಣು ತಕ್ಷಣ ‘ಓ, ಆಟಿಕೆ’ ಅನ್ನುವುದು ಇದಕ್ಕೇ. ಸೂತ್ರ ಗೊತ್ತಿಲ್ಲದಿದ್ದರೂ ಕಣ್ಣಿಗೆ ಈ ಲೆಕ್ಕ ಗೊತ್ತು. ಆದ್ದರಿಂದ ಸೆಕೆಂಡಿಗೆ 24 ಚಿತ್ರದ ಬದಲು 120 ಚಿತ್ರ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿದರೆ ಬೀಳುವ ಕಟ್ಟಡಕ್ಕೆ ತೂಕ ಬರುತ್ತದೆ. ಪಾಪ, ವೇಷದೊಳಗಿನವನ ಕಷ್ಟ ನೋಡಿ. ತೆರೆಯ ಮೇಲಿನ ಮೂರು ನಿಮಿಷದ ಕಾದಾಟವನ್ನು ಪೂರ್ತಿ ಹೀಗೆ ತೆಗೆದರೆ, ಅವನು ಅಷ್ಟನ್ನೂ 36 ಸೆಕೆಂಡಿನಲ್ಲಿ ಹೊಡೆದಾಡಿ ಮುಗಿಸಬೇಕು. ಪೂರ್ತಿ ಹೀಗೆ ತೆಗೆಯುತ್ತಿರಲಿಲ್ಲ ಅನ್ನುವುದು ಕಂತು ನೋಡಿದರೇ ಗೊತ್ತಾಗುತ್ತದೆ, ಕುಸ್ತಿಯ ಹಿಡಿತಗಳು ಚುರುಕಾಗಿಯೇ ಇವೆ.

ಗುರುತ್ವವನ್ನು ಹೀಗೆ ಪುಸಲಾಯಿಸಬಹುದು. ನೀರನ್ನು ಆಗುವುದಿಲ್ಲ.

ಹನಿ ಎಷ್ಟು ದೊಡ್ಡದಾಗಬಹುದು ಎನ್ನುವುದನ್ನು ನೀರಿನ ಮೇಲ್ಮೈ ಸೆಳೆತ ನಿರ್ಧರಿಸುತ್ತದೆ. ಕೆಸುವಿನ ಎಲೆಯ ಮೇಲೆ ಹನಿ ಗುಂಡಗೆ ಕೂರುವುದು ಇದೇ ಸೆಳೆತದಿಂದ. ಮಳೆಹನಿ ಐದಾರು ಮಿಲಿಮೀಟರ್ ದಾಟಿದರೆ ಬೀಳುವಾಗ ಗಾಳಿಗೆ ಸಿಕ್ಕಿ ಒಡೆದುಹೋಗುತ್ತದೆ. ಟೋಕಿಯೊ ಆಗಲಿ, ಆಗುಂಬೆ ಆಗಲಿ, ಹನಿಯ ಗಾತ್ರ ಅಷ್ಟೇ. ಸ್ಟುಡಿಯೊದಲ್ಲಿ ಮನೆ, ಮರ, ರಸ್ತೆ ಎಲ್ಲವನ್ನೂ 25 ಪಟ್ಟು ಕುಗ್ಗಿಸಬಹುದು. ಹನಿ ಮಾತ್ರ ಕುಗ್ಗುವುದಿಲ್ಲ. ಅಲ್ಲಿನ 5 ಮಿಲಿಮೀಟರಿನ ಹನಿ ತೆರೆಯ ಮೇಲೆ 12.5 ಸೆಂಟಿಮೀಟರಿನ ಉಂಡೆ, ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿಯಷ್ಟು! ಎಷ್ಟು ನಿಧಾನ ಮಾಡಿ ತೋರಿಸಿದರೂ ಅದು ತೆಂಗಿನಕಾಯಿಯೇ.

ಸುಮ್ನೆ ಪರೀಕ್ಷೆ ಮಾಡೋಣ ಅಂತ ನಮ್ಮನೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಣ್ಣನ ಮಗನ ಪ್ಲಾಸ್ಟಿಕ್ ಡೈನೊಸಾರ್ ನಿಲ್ಲಿಸಿದೆ. ಅದು ಗೇಣುದ್ದ, 20 ಸೆಂಟಿಮೀಟರ್. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ನೀರು ಹಾಯಿಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದೆ. 240 ಚಿತ್ರ, 8 ಪಟ್ಟು ನಿಧಾನ. ಬಾಲ ಕಳಚಿ ಬಿದ್ದದ್ದು ಗಂಭೀರವಾಗಿಯೇ ಕಂಡಿತು. ಆದರೆ ಮೂಗಿನ ತುದಿಯಲ್ಲಿ ತೂಗಿದ ಒಂದು ಹನಿ ಅದರ ಕಣ್ಣಿಗಿಂತ ದೊಡ್ಡದಾಗಿತ್ತು. ಇದನ್ನು 50 ಮೀಟರಿನ ಪ್ರಾಣಿ ಅಂತ ನಂಬಬೇಕಾದರೆ ಆ ಹನಿ ಒಂದೂಕಾಲು ಮೀಟರ್ ಅಗಲ ಇರಬೇಕು. ‘ಚಿಕ್ಕಪ್ಪ, ಇದು ಸ್ನಾನ ಮಾಡ್ತಿದೆ’ ಅಂದ ಹುಡುಗ.

ಹಾಗಾಗಿ ಸಿನಿಮಾದವರು ನೀರಿರುವ ದೃಶ್ಯಕ್ಕೆ ಆದಷ್ಟು ದೊಡ್ಡ ಮಾದರಿ ಮಾಡಿಸುತ್ತಾರೆ. ಸೆಳೆತ ಕಡಿಮೆಯಾಗಿ ಹನಿ ಸಣ್ಣದಾಗಲಿ ಅಂತ ನೀರಿಗೆ ಸೋಪು ಬೆರೆಸುವುದೂ ಉಂಟು. ತ್ಸುಬುರಾಯಾ ಅಂತೂ ಎತ್ತರದಿಂದ ಕಾಣುವ ಸಮುದ್ರಕ್ಕೆ ನೀರನ್ನೇ ಬಿಟ್ಟು, ಕಾಂಟೆನ್ ಎಂಬ ಪಾಚಿಯ ಜೆಲ್ಲಿ ಬಳಸಿದವರು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತದಲ್ಲ, ಅದೇ. ಅಲೆಗಳು ಅಲ್ಲಾಡದೆ ಹೆಪ್ಪುಗಟ್ಟಿ ನಿಂತಿರುತ್ತವೆ. ವಿಮಾನದ ಎತ್ತರದಿಂದ ನಿಜವಾದ ಸಮುದ್ರವೂ ಹಾಗೇ ಕಾಣುತ್ತದೆ, ಅಲ್ವಾ?

23ನೇ ಕಂತಿನಲ್ಲಿ ಜೆಲ್ಲಿ ನಡೆಯುವಂತಿರಲಿಲ್ಲ. ಜಮೀಲಾಗೆ ಬೆಂಕಿ ತಾಗುವುದಿಲ್ಲ, ನೀರು ಮಾತ್ರ ಆಗದು. ಎಷ್ಟೋ ವರ್ಷ ಯಾವುದಕ್ಕಾಗಿ ಬಾಯಾರಿದ್ದನೋ ಅದೇ ಈಗ ಅವನಿಗೆ ವಿಷ. ಅಲ್ಟ್ರಾಮ್ಯಾನ್ ಎರಡೂ ಕೈ ಜೋಡಿಸಿ ನೀರಿನ ಧಾರೆ ಬಿಡುತ್ತಾನೆ. ಜಮೀಲಾ ಕೆಸರಲ್ಲಿ ಬಿದ್ದು ಹೊರಳುತ್ತಾನೆ, ಏಳಲು ನೋಡುತ್ತಾನೆ, ಜಾರುತ್ತಾನೆ. ಮುಂದೆ ಅವನ ಹೆಸರಿನಲ್ಲಿ ಚೆಂದದ ಮಾತು ಕೆತ್ತಿದ ಫಲಕವೊಂದನ್ನು ನೆಡುತ್ತಾರೆ. ವಿಜ್ಞಾನದ ಪ್ರಗತಿಗಾಗಿ ಪ್ರಾಣ ಕೊಟ್ಟವನು ಅಂತ.

ನಾನು ವೀಡಿಯೊ ನಿಲ್ಲಿಸಿ ನಿಲ್ಲಿಸಿ ಆ ಕೆಸರಿನ ದೃಶ್ಯ ನೋಡಿದೆ. ಬಿರುಕು ಚರ್ಮದ ಮೇಲೆ ಸಿಡಿಯುವ ಹನಿಗಳು ದೈತ್ಯನಿಗೆ ತೀರಾ ದೊಡ್ಡವು. ಹನಿಯನ್ನೇ ಅಳತೆಗೋಲು ಮಾಡಿಕೊಂಡರೆ, ಕೆಸರಲ್ಲಿ ಬಿದ್ದಿರುವುದು ಆಳೆತ್ತರದ ಒಬ್ಬ ಮನುಷ್ಯ.