ಗುಬ್ಬಿ ಗೂಡು ಯಾವ ಗೋಡೆಗೆ? ಕಲಬುರಗಿ ಹಿತ್ತಲಿಗೆ ಒಂದಿಷ್ಟು ಟಿಪ್ಪಣಿ

ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ-ಜಂತಿ ಸಂದುಗಳೇ ಗುಬ್ಬಿಗೆ ಮನೆಯಾಗಿದ್ದವು. ಆರ್‌ಸಿಸಿ ಮನೆಯಲ್ಲಿ ಸಂದೇ ಇಲ್ಲ, ಹಾಗಾಗಿ ಪೆಟ್ಟಿಗೆ ಮಾಡಿ ಕೊಡಬೇಕು. ನನ್ನಂತೆ ಈಗಷ್ಟೇ ಕಲಿಯುತ್ತಿರುವವರಿಗೆ ಇದು.

ಪೆಟ್ಟಿಗೆ

ಮುಕ್ಕಾಲು ಇಂಚಿನ ಹಲಗೆ, ತಳ ಸುಮಾರು 15 ಸೆಂ.ಮೀ. ಚೌಕ, ಬಾಗಿಲ ತೂತು 32 ಮಿ.ಮೀ. ತೂತು ತೀರಾ ದೊಡ್ಡದಾದರೆ ಗೊರವಂಕ ಬಂದು ಹಿಡಿದುಕೊಳ್ಳುತ್ತದೆ. ಕೂರಲು ಕಡ್ಡಿ ಬೇಡ, ಗುಬ್ಬಿಗೆ ಅದರ ಅಗತ್ಯವಿಲ್ಲ. ತಳಕ್ಕೆ ನೀರು ಇಳಿಯಲು ನಾಲ್ಕು ಸಣ್ಣ ತೂತು, ಮೇಲ್ಗಡೆ ಎರಡೂ ಬದಿ ಗಾಳಿಕಿಂಡಿ. ಒಳಗೆ ಪೇಂಟ್, ವಾರ್ನಿಷ್ ಬೇಡ. ಮೇಲೆ ತಗಡಂತೂ ಬೇಡವೇ ಬೇಡ, ನಮ್ಮ ಬಿಸಿಲಿಗೆ ಮರಿ ಬೆಂದುಹೋಗುತ್ತವೆ.

ದಿಕ್ಕು (ತಲೆ ಕೆಡಿಸಿದ್ದು ಇದೇ)

ಹೊರದೇಶದ ಕೈಪಿಡಿಗಳು "ಉತ್ತರ ಮತ್ತು ಪೂರ್ವದ ನಡುವೆ ಮುಖ ಮಾಡಿಸಿ" ಎನ್ನುತ್ತವೆ. ಬ್ರಿಟನ್‌ನಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ಅಲ್ಲಿಗೆ ಅದು ಸರಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ 23.4 ಡಿಗ್ರಿವರೆಗೂ ಬರುತ್ತಾನೆ. ಅಂದರೆ ಮೇ 9ರ ಆಸುಪಾಸು ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಮೊದಲ ವಾರಕ್ಕೆ ಮರಳುತ್ತಾನೆ.

ಹಾಗಾದರೆ ಉತ್ತರದ ಗೋಡೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದಾ? ಇಲ್ಲ. ನೆತ್ತಿಯಿಂದ ಆರು ಡಿಗ್ರಿಯಷ್ಟೇ ವಾಲಿರುವ ಸೂರ್ಯನಿಗೆ ಸಜ್ಜಾ ಸಾಕು. ತೊಂದರೆ ಇರುವುದು ನಾಲ್ಕು ಗಂಟೆಯ ನಂತರ. ಮೇ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲ, ಅದಕ್ಕಿಂತ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಗೋಡೆಗೆ ಓರೆಯಾಗಿ ಬೀಳುವ ಬಿಸಿಲು ಕಡಿಮೆ ಅನ್ನಿಸಬಹುದು. ಆದರೆ ಪೆಟ್ಟಿಗೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತದಲ್ಲ, ಅದರ ಪಶ್ಚಿಮದ ಪಕ್ಕೆ ಆ ಬಿಸಿಲಿಗೆ ಎದೆಯೊಡ್ಡಿ ನಿಂತಂತೆ. ಗಾಳಿಯೇ 42 ಡಿಗ್ರಿ ಇರುವ ಹೊತ್ತು ಅದು. ಒಮ್ಮೆ ಆ ಹಲಗೆಗೆ ಅಂಗೈ ಒತ್ತಿ ನೋಡಿ, ಕೂಡಲೇ ಹಿಂದಕ್ಕೆ ತೆಗೆಯುತ್ತೀರಿ.

ಪೂರ್ವದ ಗೋಡೆಯಾದರೆ ಮಧ್ಯಾಹ್ನದ ನಂತರ ಇಡೀ ಪೆಟ್ಟಿಗೆಯ ಮೇಲೆ ಮನೆಯದೇ ನೆರಳು. ಬೆಳಗಿನ ಬಿಸಿಲು ಬೀಳುವಾಗ ಗಾಳಿ ಇನ್ನೂ ತಂಪು. ಸಜ್ಜಾ ಎರಡಡಿ ಅಗಲವಿದ್ದು ಪೆಟ್ಟಿಗೆ ಅದಕ್ಕೆ ತಾಗಿದಂತಿದ್ದರೆ ಹತ್ತು ಗಂಟೆಯೊಳಗೆ ನೆರಳು ಬಂದುಬಿಡುತ್ತದೆ. ನೈಋತ್ಯ ಮಾರುತದ ಮಳೆಯೂ ಆ ಗೋಡೆಗೆ ಅಷ್ಟಾಗಿ ಬಡಿಯುವುದಿಲ್ಲ. ಆದ್ದರಿಂದ ನಮ್ಮ ಸೀಮೆಗೆ ನನ್ನ ಲೆಕ್ಕ ಒಂದೇ: ಪೂರ್ವದ ಗೋಡೆ, ಸಜ್ಜಾ ಅಡಿ, ಎಂಟ್ಹತ್ತು ಅಡಿ ಎತ್ತರ. ಗುಬ್ಬಿಗಳು ಅಕ್ಕಪಕ್ಕ ಗೂಡು ಕಟ್ಟುವ ಜಾತಿ, ಎರಡು-ಮೂರು ಪೆಟ್ಟಿಗೆ ಹತ್ತಿರ ಹತ್ತಿರ ಹಾಕಿ.

ಜೇನ್ನೊಣದ ಬಂಧುಗಳು

ಎಲೆ ಕತ್ತರಿಸುವ ಒಂಟಿ ಜೇನು, ಕಪ್ಪು ಬಡಗಿ ದುಂಬಿ, ಎರಡೂ ತೊಗರಿ ಹೂವಿನ ಪರಾಗ ಸಾಗಿಸುತ್ತವೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ತೊಗರಿಯ ನಾಡಿನಲ್ಲಿ ಇವುಗಳ ಬಗ್ಗೆ ಇಷ್ಟು ಕಡಿಮೆ ಮಾತು ಯಾಕೋ! ತೊಗರಿ ಕಟ್ಟಿಗೆ ಒಳಗೆ ಗಟ್ಟಿ, ಟೊಳ್ಳಿಲ್ಲ, ಹಾಗಾಗಿ ಎಲೆಜೇನಿನ ಗೂಡಿಗೆ ಆಗದು. ಅದಕ್ಕೆ 6ರಿಂದ 10 ಮಿ.ಮೀ. ಟೊಳ್ಳಿನ ಬಿದಿರು ಕಡ್ಡಿ ಬೇಕು, ಹಿಂದಿನ ತುದಿ ಗಿಣ್ಣಿನಿಂದ ಮುಚ್ಚಿರಬೇಕು. ಕಟ್ಟು ಕಟ್ಟಿ ಅದೇ ಪೂರ್ವದ ಗೋಡೆಗೆ ಅಲುಗಾಡದಂತೆ ಬಿಗಿಯಿರಿ.

ಉಳಿದದ್ದು

ಗುಬ್ಬಿ ಮೊಟ್ಟೆಗೆ ಕಾವು 11ರಿಂದ 14 ದಿನ, ಮರಿ ಹಾರಲು ಮತ್ತೆರಡು ವಾರ. ಅಷ್ಟು ದಿನ ಪೆಟ್ಟಿಗೆ ಮುಟ್ಟಬೇಡಿ. ಮರಿಗಳು ಬೆಳೆಯುವುದು ಹುಳು ತಿಂದು, ಹಿತ್ತಲಿಗೆ ಕೀಟನಾಶಕ ಹೊಡೆಯಲೇಬೇಡಿ. ಕಪ್ಪೆಗೆ ಒಡೆದ ಮಡಕೆ ಬೋರಲು ಹಾಕಿ ಸುತ್ತ ನೆಲ ಹಸಿಯಾಗಿಡಿ. ಶಹಾಬಾದ್ ಫರಸಿ ಕಲ್ಲಿನ ಚೂರುಗಳ ರಾಶಿ ಹಲ್ಲಿ-ಓತಿಗಳಿಗೆ ಒಳ್ಳೆಯದು, ಆದರೆ ಚೇಳು, ಹಾವೂ ಸೇರುತ್ತವೆ. ಅದನ್ನು ಬಾಗಿಲಿನಿಂದ, ಮಕ್ಕಳು ಆಡುವ ಜಾಗದಿಂದ ದೂರ, ಕಂಪೌಂಡ್ ಮೂಲೆಗೆ ಹಾಕಿ.