ಆ ಸಾಲ ಕೊಟ್ಟವರು ಯಾರು?

ನಿವೃತ್ತಿ ಹಣವನ್ನು ಎಲ್ಲಿ ಇಡಬೇಕು ಅಂತ ಜನರಿಗೆ ಸಲಹೆ ಕೊಡುವುದು ನನ್ನ ಕೆಲಸ. ಆಗಾಗ ಕ್ರೈಸ್ತ ಸಭೆಗಳಲ್ಲೂ ಈ ಬಗ್ಗೆ ಮಾತಾಡಲು ಕರೆಯುತ್ತಾರೆ. ಮಾತು ಮುಗಿದು ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬರಾದರೂ ಎದ್ದು ನಿಂತು, ಸರ್ಕಾರದ ಸಾಲದ ಮಾತೆತ್ತಿ, ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆ 13:8 ಓದುತ್ತಾರೆ. ಪ್ರೀತಿಯ ಋಣ ಬಿಟ್ಟು ಬೇರೆ ಯಾವ ಸಾಲವೂ ನಿಮಗಿರಬಾರದು. ಅದರ ಹಿಂದೆಯೇ ಜ್ಞಾನೋಕ್ತಿ 22:7 ಬರುತ್ತದೆ. ಸಾಲ ತೆಗೆದುಕೊಂಡವನು ಕೊಟ್ಟವನಿಗೆ ಆಳು. ಅಲ್ಲಿಗೆ ತೀರ್ಪು ಆಗಿಹೋಯಿತು: ಸರ್ಕಾರ ಸಾಲ ಮಾಡುವುದು ಪಾಪ, ನಾವು ಪ್ರಾರ್ಥನೆ ಮಾಡಬೇಕು.

ಪ್ರಾರ್ಥನೆ ಖಂಡಿತ ಮಾಡೋಣ. ಆದರೆ ನಾನು ಪ್ರತಿಸಲ ಒಂದು ಪ್ರಶ್ನೆ ಕೇಳುತ್ತೇನೆ. ಆ ಸಾಲ ಕೊಟ್ಟವರು ಯಾರು?

ಬ್ಯಾಂಕು ಅನ್ನುತ್ತಾರೆ. ಯಾರೋ ದೊಡ್ಡ ಶ್ರೀಮಂತರು ಅನ್ನುತ್ತಾರೆ. ಬೇರೆ ದೇಶದವರು ಅನ್ನುತ್ತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. "ನಾನೇ" ಅಂತ ಇದುವರೆಗೆ ಯಾರೂ ಹೇಳಿಲ್ಲ.

ಒಮ್ಮೆ ಹೀಗೇ ಪ್ರಶ್ನೆ ಕೇಳಿದ ನಿವೃತ್ತ ಶಿಕ್ಷಕಿಯೊಬ್ಬರು ಮಾರನೇ ವಾರ ತಮ್ಮ ಪಿಂಚಣಿ ಕಾಗದ ಹಿಡಿದು ನನ್ನ ಹತ್ತಿರ ಬಂದರು. ಬೇರೇನೋ ಸಹಿ ಬೇಕಿತ್ತು. ನಾನು ಹೂಡಿಕೆಯ ಪಟ್ಟಿ ಇರುವ ಪುಟ ತೆಗೆಯಲು ಹೇಳಿದೆ. ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ಮೊದಲ ಸಾಲಿನಲ್ಲೇ ಸರ್ಕಾರಿ ಬಾಂಡ್, ಅಂದರೆ ಸರ್ಕಾರ ಬರೆದುಕೊಟ್ಟ ಸಾಲಪತ್ರ. ಎರಡನೆಯದೂ ಅದೇ. ಬೆರಳು ಅಲ್ಲೇ ನಿಂತಿತು.

"ಅಂದ್ರೆ ಇದು ನಾನಾ?"

"ಹೌದಮ್ಮ, ನೀವೇ."

ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಓದುವಾಗ ಒಪ್ಪುವವರೂ ಎದ್ದುಹೋಗುವಷ್ಟರಲ್ಲಿ ಮರೆಯುತ್ತಾರೆ. ಸರ್ಕಾರ ಬಾಂಡ್ ಮಾರುತ್ತದೆ. ಅದನ್ನು ಪಿಂಚಣಿ ನಿಧಿ, ವಿಮೆ ಕಂಪನಿ, ಬ್ಯಾಂಕು ಕೊಳ್ಳುತ್ತವೆ. ಅವು ಕೊಳ್ಳುವುದು ನೀವು ಕಟ್ಟಿದ ದುಡ್ಡಿನಿಂದ. ಸರ್ಕಾರ ಬಡ್ಡಿ ಕೊಡುವುದು ತೆರಿಗೆಯಿಂದ. ಆ ಬಡ್ಡಿ ಸುತ್ತಿ ಬಳಸಿ ನಿಮ್ಮ ಪಿಂಚಣಿಗೆ ಸೇರುತ್ತದೆ. ನಾಗರಿಕರಾಗಿ ನೀವು ಸಾಲ ಮಾಡಿದವರು, ಉಳಿತಾಯಗಾರರಾಗಿ ಸಾಲ ಕೊಟ್ಟವರು. ನಮ್ಮ ಮಾತಿನಲ್ಲಿ ಸಾಲ ಮಾಡಿದವನೂ ಸಾಲಗಾರ, ವಸೂಲಿಗೆ ಬಂದು ಬಾಗಿಲು ಬಡಿಯುವವನೂ ಸಾಲಗಾರ. ಸರ್ಕಾರದ ಸಾಲಕ್ಕೆ ಇದಕ್ಕಿಂತ ಸರಿಯಾದ ಪದ ಸಿಗಲಾರದು.

ಈಗ ಸತ್ಯವೇದ ತೆಗೆಯಿರಿ. ಸಾಲದ ಬಗ್ಗೆ ಮೋಶೆಯ ಧರ್ಮಶಾಸ್ತ್ರದಲ್ಲಿ ಇರುವ ಆಜ್ಞೆಗಳಲ್ಲಿ ಹೆಚ್ಚಿನವು ಯಾರಿಗೆ ಹೇಳಿದ್ದು? ಕೊಟ್ಟವರಿಗೆ. ಬಡವನಿಂದ ಬಡ್ಡಿ ಕೇಳಬೇಡ. ಒತ್ತೆಯಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮುಂಚೆ ವಾಪಸ್ ಕೊಡು, ಇಲ್ಲದಿದ್ದರೆ ಅವನು ಏನು ಹೊದ್ದು ಮಲಗುತ್ತಾನೆ? ಒತ್ತೆ ತರಲು ಅವನ ಮನೆಯೊಳಗೆ ನುಗ್ಗಬೇಡ, ಹೊರಗೆ ನಿಲ್ಲು, ಅವನೇ ತಂದುಕೊಡಲಿ. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬೇಡ, ಅದು ಅವನ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ಏಳನೇ ವರ್ಷ ಸಾಲ ಬಿಟ್ಟುಬಿಡು. ಐವತ್ತನೇ ವರ್ಷ ಭೂಮಿ ಮೂಲ ಮನೆತನಕ್ಕೆ ಹೋಗಲಿ. ಸಾಲ ತೆಗೆದುಕೊಳ್ಳುವುದೇ ಪಾಪವಾಗಿದ್ದರೆ, ಕೇಳಿಕೊಂಡು ಬಂದವನಿಗೆ ಬೆನ್ನು ತಿರುಗಿಸಬೇಡ ಅಂತ ಯೇಸು ಯಾಕೆ ಹೇಳುತ್ತಿದ್ದ? ರೋಮಾಪುರದವರಿಗೆ ಬರೆದ ಆ ವಚನದ ಹಿಂದಿನ ವಚನವನ್ನೂ ಓದಿ. ಯಾರಿಗೆ ತೆರಿಗೆ ಕೊಡಬೇಕೋ ಅವರಿಗೆ ಕೊಡಿ ಅಂತಿದೆ. ನಾನು ಬೋಧಕನಲ್ಲ, ಆದರೆ ಅಲ್ಲಿ ಆ ಪತ್ರಿಕೆ ಬರೆದ ಪೌಲ ಮಾತಾಡುತ್ತಿರುವುದು ಕೊಡಬೇಕಾದ್ದನ್ನು ಬಾಕಿ ಉಳಿಸದೆ ಕೊಡುವ ಬಗ್ಗೆ ಅಂತಲೇ ನನ್ನ ಓದು.

ನನಗೆ ತುಂಬ ಹತ್ತಿರವಾದದ್ದು ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನ ಪುಸ್ತಕದ 5ನೇ ಅಧ್ಯಾಯ. ಜನ ಬಂದು ಗೋಳಾಡುತ್ತಾರೆ. ಅರಸನಿಗೆ ತೆರಿಗೆ ಕಟ್ಟಲು ಹೊಲ, ದ್ರಾಕ್ಷಿತೋಟ ಒತ್ತೆ ಇಟ್ಟಿದ್ದಾರೆ. ಹೆಣ್ಣುಮಕ್ಕಳು ಆಗಲೇ ದಾಸ್ಯಕ್ಕೆ ಹೋಗಿದ್ದಾರೆ. ನೆಹೆಮೀಯನಿಗೆ ಸಿಟ್ಟು ಬರುತ್ತದೆ. ಮುಖಂಡರನ್ನು ಕರೆಸಿ ಬೈಯುತ್ತಾನೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆಮೇಲೆ ಬರುವ 10ನೇ ವಚನವನ್ನು ಜನ ಓದಿಕೊಂಡು ಮುಂದೆ ಹೋಗಿಬಿಡುತ್ತಾರೆ. ನಾನೂ ನನ್ನ ಅಣ್ಣತಮ್ಮಂದಿರೂ ಸೇವಕರೂ ಇವರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ ಅನ್ನುತ್ತಾನೆ ಅವನು. ಬೈಯುತ್ತಿರುವವನ ಹೆಸರೂ ಕೊಟ್ಟವರ ಪಟ್ಟಿಯಲ್ಲಿದೆ! ಅದನ್ನು ಎಲ್ಲರೆದುರು ಹೇಳಿಕೊಂಡ ಮೇಲೆಯೇ "ಇದನ್ನು ಬಿಟ್ಟುಬಿಡೋಣ" ಅನ್ನುತ್ತಾನೆ. ಅಧಿಪತಿಯಾಗಿ ತನಗೆ ಬರಬೇಕಾದ ಊಟದ ಖರ್ಚನ್ನೂ 12 ವರ್ಷ ತೆಗೆದುಕೊಳ್ಳಲಿಲ್ಲ, ಜನರ ಮೇಲೆ ಹೊರೆ ಜಾಸ್ತಿ ಅಂತ.

ಕೊಟ್ಟವರು ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಒಡೆಯರಿಗೆ, ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಅದಕ್ಕೆ 1835ರಲ್ಲಿ ದೊಡ್ಡ ಸಾಲ ಎತ್ತಿತು. ಆ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಅಷ್ಟು ವರ್ಷ ಆ ಬಾಂಡ್‌ಗಳು ಕೈಯಿಂದ ಕೈಗೆ ಹೋದವು. ಅದು ಯಾವುದರ ಸಾಲ ಅಂತ ಬಡ್ಡಿ ಎಣಿಸಿಕೊಂಡ ಎಷ್ಟು ಜನ ಕೇಳಿರಬಹುದು?

ಇನ್ನೊಂದು ಜಾಂಬಿಯಾದ್ದು. ಆ ದೇಶ ರೊಮೇನಿಯಾಕ್ಕೆ ಕೊಡಬೇಕಿದ್ದ ಹಳೇ ಸಾಲವನ್ನು ಒಂದು ಹೂಡಿಕೆ ಫಂಡ್ 1999ರಲ್ಲಿ 30 ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿಗೆ ಕೊಂಡಿತು. ಆಮೇಲೆ 5.5 ಕೋಟಿ ಡಾಲರ್ ಕೊಡು ಅಂತ ಲಂಡನ್ನಿನಲ್ಲಿ ದಾವೆ ಹಾಕಿತು. 2007ರಲ್ಲಿ ಕೋರ್ಟು ಸುಮಾರು 1.5 ಕೋಟಿ ಕೊಡಿಸಿತು. ಬಡ ದೇಶವೊಂದಕ್ಕೆ ಶಾಲೆ, ಆಸ್ಪತ್ರೆಯೇ ಬೀಸುವ ಕಲ್ಲು. ಅದನ್ನೇ ಒತ್ತೆ ತೆಗೆದುಕೊಂಡರೆ ಉಳಿಯುವುದೇನು?

ಹಾಗಂತ ಎಲ್ಲ ಸಾಲವನ್ನೂ ಮನ್ನಾ ಮಾಡಿ ಅಂತ ನಾನು ಹೇಳುತ್ತಿಲ್ಲ. ಸರ್ಕಾರ ಬಾಂಡ್‌ಗಳನ್ನು ಸುಮ್ನೆ ಹರಿದುಹಾಕಿದರೆ ಆ ಶಿಕ್ಷಕಿಯ ಪಿಂಚಣಿಯೂ ಅದರ ಜೊತೆ ಹೋಗುತ್ತದೆ. ತನ್ನದೇ ಕರೆನ್ಸಿಯಲ್ಲಿ ಸಾಲ ಮಾಡುವ ದೇಶದ ಕಥೆ ಬೇರೆ, ಡಾಲರ್‌ನಲ್ಲಿ ಸಾಲ ಮಾಡಿ ಡಾಲರ್ ಹುಡುಕುವ ದೇಶದ ಕಥೆ ಬೇರೆ. ಸೇತುವೆಗೆ ಮಾಡಿದ ಸಾಲವನ್ನೂ ಸಂಬಳ ಕೊಡಲು ಮಾಡಿದ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಕ್ಕಳ ತಲೆ ಮೇಲೆ ಹೊರೆ ಹೊರಿಸುವ ಸರ್ಕಾರಗಳ ಮೇಲೆ ನನಗೂ ಸಿಟ್ಟಿದೆ. ಸಾಲ ಮಾಡಿ ತೀರಿಸದವನನ್ನು 37ನೇ ಕೀರ್ತನೆ ದುಷ್ಟ ಅನ್ನುತ್ತದೆ, ಅದನ್ನು ನಾನು ಮರೆಮಾಡುವುದಿಲ್ಲ.

ಆದರೆ ಸಭೆಗಳು ಸರಿಯಾದ ಕಡೆ ತಿರುಗಿದ್ದೂ ಇದೆ. 1998ರ ಮೇ ತಿಂಗಳಲ್ಲಿ ಎಂಟು ಪ್ರಬಲ ದೇಶಗಳ ಕೂಟವಾದ ಜಿ8ರ ನಾಯಕರು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದ್ದಾಗ ಸುಮಾರು 70,000 ಜನ ಕೈ ಕೈ ಹಿಡಿದು ನಿಂತರು. ಅವರಲ್ಲಿ ಸಭೆಗಳಿಂದ ಬಂದವರು ಬಹಳ. ಜುಬಿಲಿ 2000 ಅಂತ ಆ ಚಳವಳಿಯ ಹೆಸರು, ಯಾಜಕಕಾಂಡದಲ್ಲಿ ಬರುವ ಆ ಐವತ್ತನೇ ವರ್ಷದಿಂದಲೇ ಎತ್ತಿಕೊಂಡದ್ದು. ಅವರು ಸಾಲ ಮಾಡಿದ ಬಡ ದೇಶಗಳಿಗೆ ಉಪದೇಶ ಮಾಡಲಿಲ್ಲ. ಸಾಲ ಕೊಟ್ಟ ತಮ್ಮ ತಮ್ಮ ಸರ್ಕಾರಗಳನ್ನೇ "ಬಿಟ್ಟುಬಿಡಿ" ಅಂತ ಕೇಳಿದರು. 2005ರಲ್ಲಿ ಜಿ8 ದೇಶಗಳು ದೊಡ್ಡ ಮನ್ನಾಕ್ಕೆ ಒಪ್ಪಿದವು. ಕರ್ತನ ಪ್ರಾರ್ಥನೆಯಲ್ಲಿ ನಾವು "ತಪ್ಪುಗಳನ್ನು ಕ್ಷಮಿಸು" ಅನ್ನುತ್ತೇವೆ. ಮತ್ತಾಯ 6:12ರ ಗ್ರೀಕ್ ಮೂಲದಲ್ಲಿ ಇರುವುದು ಸಾಲ ಅನ್ನುವ ಪದವೇ.

ಆ ಶಿಕ್ಷಕಿ ಆಮೇಲೆ ಎರಡು ಪ್ರಶ್ನೆ ಬರೆದು ತಮ್ಮ ಪಿಂಚಣಿ ನಿಧಿಗೆ ಕಳಿಸಿದರು. ನನ್ನ ದುಡ್ಡು ಯಾವ ಯಾವ ಸರ್ಕಾರಕ್ಕೆ ಹೋಗಿದೆ? ತೀರಿಸಲಾಗದೆ ಒಂದು ದೇಶ ಮಾತುಕತೆಗೆ ಕರೆದರೆ ನೀವು ಹೋಗಿ ಕೂರುತ್ತೀರಾ, ಕೋರ್ಟಿಗೆ ಹೋಗುತ್ತೀರಾ? ನಾಲ್ಕು ಪುಟದ ಉತ್ತರ ಬಂದಿದೆ. ಮೊನ್ನೆ ಫೋನ್ ಮಾಡಿ, "ಎರಡನೇದಕ್ಕೆ ಏನೇನೋ ಬರೆದಿದಾರೆ, ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ" ಅಂದರು. ಗುರುವಾರ ಇಬ್ಬರೂ ಕೂತು ಓದುತ್ತೇವೆ.