ಏರ್ ಮಾರ್ಷಲ್ ಬೇರೆ, ಮಾರ್ಷಲ್ ಬೇರೆ

ಪ್ರಶ್ನೆ: ಭಾರತೀಯ ವಾಯುಪಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ದರ್ಜೆ ಏರ್ ಮಾರ್ಷಲ್ ಅಲ್ವಾ?

ಅಲ್ಲ. ಎಲ್ಲಕ್ಕಿಂತ ದೊಡ್ಡದು ‘ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್’. ಐದು ಸ್ಟಾರಿನ ದರ್ಜೆ. ಇದುವರೆಗೆ ಅದು ಸಿಕ್ಕಿದ್ದು ಅರ್ಜನ್ ಸಿಂಗ್ ಅವರೊಬ್ಬರಿಗೇ, 2002ರ ಜನವರಿಯಲ್ಲಿ. ಇಷ್ಟು ಹೇಳಿ ಸುಮ್ಮನಾದರೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬೇರು ಸಮೇತ ಕೀಳೋಣ.

ಏರ್ ಮಾರ್ಷಲ್ ಮೂರು ಸ್ಟಾರಿನ ದರ್ಜೆ. ಒಂದೇ ಕಾಲಕ್ಕೆ ಹಲವರು ಇರುತ್ತಾರೆ. ಅದರ ಮೇಲಿನದು ಏರ್ ಚೀಫ್ ಮಾರ್ಷಲ್, ನಾಲ್ಕು ಸ್ಟಾರ್. ವಾಯುಪಡೆಯ ಮುಖ್ಯಸ್ಥರದ್ದು ಇದೇ ದರ್ಜೆ. ಸಮವಸ್ತ್ರದ ಪಟ್ಟಿ ನೋಡಿದರೂ ಗೊತ್ತಾಗುತ್ತದೆ. ಒಂದು ಅಗಲ ಪಟ್ಟಿ ಈ ಮೂರೂ ದರ್ಜೆಯವರಿಗೆ ಇರುತ್ತದೆ. ಅದರ ಜೊತೆ ಸಣ್ಣ ಪಟ್ಟಿ ಎರಡಿದ್ದರೆ ಏರ್ ಮಾರ್ಷಲ್, ಮೂರಿದ್ದರೆ ಏರ್ ಚೀಫ್ ಮಾರ್ಷಲ್, ನಾಲ್ಕಿದ್ದರೆ ಮಾರ್ಷಲ್.

ಹಾಗಾದರೆ ಈ ತಪ್ಪು ಯಾಕೆ ಹೋಗುವುದಿಲ್ಲ? ಒಂದು ಕಾಲಕ್ಕೆ ಅದು ಸರಿಯೇ ಆಗಿತ್ತು, ಅದಕ್ಕೆ! 1954ರಲ್ಲಿ ಮುಖ್ಯಸ್ಥರಾದ ಮೊದಲ ಭಾರತೀಯ ಸುಬ್ರತೋ ಮುಖರ್ಜಿ ಏರ್ ಮಾರ್ಷಲ್ ಆಗಿದ್ದರು. 1964ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ ಅರ್ಜನ್ ಸಿಂಗ್ ಕೂಡ ಏರ್ ಮಾರ್ಷಲ್ಲೇ. 1965ರ ಯುದ್ಧ ಮುಗಿದ ಮೇಲೆ, 1966ರ ಜನವರಿಯಲ್ಲಿ ಮುಖ್ಯಸ್ಥರ ದರ್ಜೆಯನ್ನೇ ಏರಿಸಿದರು. ನಮ್ಮ ಮೊದಲ ಏರ್ ಚೀಫ್ ಮಾರ್ಷಲ್ ಆದವರೂ ಅವರೇ. ದರ್ಜೆ ಮೇಲೆ ಹೋಯಿತು, ಜನರ ಬಾಯಲ್ಲಿ ಹಳೆಯ ಉತ್ತರವೇ ಉಳಿಯಿತು.

ಇನ್ನೂ ಗೊಂದಲವಿದ್ದರೆ ನಮ್ಮ ಕೊಡಗಿನ ಒಂದು ಮನೆಯನ್ನೇ ನೋಡಿ. ತಂದೆ ಕೆ.ಎಂ. ಕಾರ್ಯಪ್ಪ, ಭೂಸೇನೆಯ ಫೀಲ್ಡ್ ಮಾರ್ಷಲ್. ಮಗ ಕೆ.ಸಿ. ಕಾರ್ಯಪ್ಪ, ವಾಯುಪಡೆಯ ಏರ್ ಮಾರ್ಷಲ್. ಇಬ್ಬರ ಹೆಸರಿನ ಹಿಂದೆಯೂ ‘ಮಾರ್ಷಲ್’ ಇದೆ. ಆದರೆ ತಂದೆಯದು ಐದು ಸ್ಟಾರ್, ಮಗನದು ಮೂರು. ಇದನ್ನು ಒಮ್ಮೆ ನೆನಪಿಟ್ಟುಕೊಂಡವರು ಮತ್ತೆ ತಪ್ಪಿದ್ದನ್ನು ನಾನು ನೋಡಿಲ್ಲ.

‘ಮಾರ್ಷಲ್ ನಿವೃತ್ತಿ ಆಗುವುದು ಯಾವಾಗ?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಇಷ್ಟವಾದ ವಿಷಯ ಅದೇ. ಮುಖ್ಯಸ್ಥರಿಗೆ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಐದು ಸ್ಟಾರಿನವರಿಗೆ ನಿವೃತ್ತಿಯೇ ಇಲ್ಲ. ಅರ್ಜನ್ ಸಿಂಗ್ ಮುಖ್ಯಸ್ಥರ ಹುದ್ದೆ ಬಿಟ್ಟಿದ್ದು 1969ರಲ್ಲಿ. ಮಾರ್ಷಲ್ ಆದಾಗ ಅವರಿಗೆ 82 ವರ್ಷ. ಅಂದಿನಿಂದ 2017ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ಸೇವೆಯಲ್ಲಿದ್ದ ಅಧಿಕಾರಿಯೇ.

2015ರ ಜುಲೈನಲ್ಲಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರ ದೆಹಲಿಯ ಪಾಲಂಗೆ ಬಂದಾಗ ಅರ್ಜನ್ ಸಿಂಗ್ ಗಾಲಿಕುರ್ಚಿಯಲ್ಲಿ ಬಂದಿದ್ದರು. ಆಗ ವಯಸ್ಸು 96. ಕುರ್ಚಿಯಿಂದ ಎದ್ದು ನಿಂತು ಸೆಲ್ಯೂಟ್ ಹೊಡೆದರು.